ಲ್ಯಾಬ್ರಡಾರ್ ಮರಿ ಬುಕ್ ಮಾಡಿದವರಿಗೆ, ಮೊದಲೇ ಒಯ್ದವರಿಗೆ

ನಮಸ್ಕಾರ,

ದೀಪಾವಳಿ ಹೊತ್ತಿಗೆ ಮರಿ ಕೊಡುತ್ತೇವೆ ಎಂದಿದ್ದೆವು. ಈ ಸಲ ಆಗುವುದಿಲ್ಲ, ಕ್ಷಮಿಸಿ.

ಐದು ವರ್ಷದ ಹಿಂದೆ ನಮ್ಮಲ್ಲೇ ಹುಟ್ಟಿದ ಒಂದು ಹೆಣ್ಣು ಲ್ಯಾಬ್ ಹೋದ ತಿಂಗಳು ಮನೆಗೆ ಬಂದಿತ್ತು. ಮಧ್ಯಾಹ್ನವೆಲ್ಲ ಚೆಂಡಿನ ಹಿಂದೆ ಚೆನ್ನಾಗಿಯೇ ಓಡಿತು. ಮುಸ್ಸಂಜೆಯಾದಾಗ ಜಗಲಿ ಮೆಟ್ಟಿಲ ಹತ್ತಿರ ನಿಂತುಬಿಟ್ಟಿತು. ಮುಂಗಾಲು ಚಾಚಿ ಮೆಟ್ಟಿಲನ್ನು ತಡಕಿತು, ಹಿಂದಕ್ಕೆ ಎಳೆದುಕೊಂಡಿತು, ಮತ್ತೆ ತಡಕಿತು. ಲೈಟ್ ಹಾಕಿದ ಮೇಲೆ ಇಳಿಯಿತು. "ವಯಸ್ಸಾಯ್ತೇನೋ ಅಂದುಕೊಂಡಿದ್ವಿ" ಎಂದರು ಸಾಕಿದವರು. ಐದು ವರ್ಷ ಲ್ಯಾಬ್‌ಗೆ ಒಂದು ವಯಸ್ಸಾ?

ಪರೀಕ್ಷೆ ಮಾಡಿಸಿದೆವು. ಪಿಆರ್‌ಎ ಎಂದು ಬಂತು. ಕಣ್ಣಿನ ಹಿಂಭಾಗದ ರೆಟಿನಾ ನಿಧಾನವಾಗಿ ಸಾಯುವ ಕಾಯಿಲೆ ಅದು. ಮಬ್ಬು ಬೆಳಕಲ್ಲಿ ನೋಡುವ ಕೋಶಗಳು ಮೊದಲು ಹೋಗುತ್ತವೆ, ಆಮೇಲೆ ಹಗಲಿನವು. ನೋವಿಲ್ಲ. ವಾಸಿ ಮಾಡುವ ಔಷಧಿಯೂ ಇಲ್ಲ.

ಅದರ ಅಪ್ಪ ಅಮ್ಮ ಎರಡರ ಕಣ್ಣೂ ಚೆನ್ನಾಗಿವೆ. ಕೆಟ್ಟ ಜೀನ್ ಒಂದು ಕಡೆಯಿಂದ ಮಾತ್ರ ಬಂದಿದ್ದರೆ ನಾಯಿಗೆ ಏನೂ ಆಗುವುದಿಲ್ಲ. ಅಂಥ ಎರಡು ನಾಯಿಗಳಿಗೆ ಮೇಟಿಂಗ್ ಮಾಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಕಾಯಿಲೆ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಅದು ಕಾಣಿಸಿಕೊಳ್ಳುವುದು ದೊಡ್ಡದಾದ ಎಷ್ಟೋ ವರ್ಷಕ್ಕೆ. ಅಷ್ಟರಲ್ಲಿ ತಾಯಿ ಇನ್ನೆರಡು ಸೂಲು ಹಾಕಿರುತ್ತದೆ. ಈ ಜೀನ್ ಪತ್ತೆಯಾಗಿದ್ದು 2006ರಲ್ಲಿ. ಕೆನ್ನೆಯ ಒಳಗೆ ಹತ್ತಿ ಕಡ್ಡಿ ಉಜ್ಜಿ ಕಳಿಸಿದರೆ ಗೊತ್ತಾಗುತ್ತದೆ. ನಾವು ಕಳಿಸಿರಲಿಲ್ಲ. ತಪ್ಪು ನಮ್ಮದೇ.

ಮರಿ ನೋಡಲು ಬಂದವರು ಮೊದಲು ಕೇಳುವುದು "ಕೆಸಿಐ ಪೇಪರ್ ಇದೆಯಾ?" ಎಂದು. ಕೆಸಿಐ ಅಂದರೆ ಕೆನೆಲ್ ಕ್ಲಬ್ ಆಫ್ ಇಂಡಿಯಾ. ಅದರ ಪೇಪರ್ ವಂಶ ಹೇಳುತ್ತದೆ, ಕಣ್ಣಿನ ವಿಷಯ ಹೇಳುವುದಿಲ್ಲ. ಇನ್ನು ಮುಂದೆ ಪೇಪರ್ ಜೊತೆ ಅಪ್ಪ ಅಮ್ಮನ ಡಿಎನ್‌ಎ ರಿಪೋರ್ಟನ್ನೂ ಕೊಡುತ್ತೇವೆ. ಪರೀಕ್ಷೆ ಆಗದ ನಾಯಿಗೆ ಮೇಟಿಂಗ್ ಇಲ್ಲ. ಒಂದು ಕೆಟ್ಟ ಜೀನ್ ಇದ್ದರೂ ಗುಣ, ಮೈಕಟ್ಟು ಒಳ್ಳೆಯದಿರುವ ನಾಯಿಯನ್ನು ಪೂರ್ತಿ ಬಿಡುವುದಿಲ್ಲ. ಬಿಡುತ್ತಾ ಹೋದರೆ ಬಳಗ ಚಿಕ್ಕದಾಗಿ ಬೇರೆ ರೋಗಗಳು ತಲೆ ಎತ್ತುತ್ತವೆ. ಅದಕ್ಕೆ ಆ ಜೀನ್ ಇಲ್ಲದ ಜೋಡಿಯನ್ನೇ ಹುಡುಕುತ್ತೇವೆ. ಆಗ ಯಾವ ಮರಿಗೂ ಈ ಕಾಯಿಲೆ ಬರುವುದಿಲ್ಲ. ಈ ಪರೀಕ್ಷೆಯಲ್ಲಿ ಕಣ್ಣಿನ ಪೊರೆಯಂಥವು ತಿಳಿಯುವುದಿಲ್ಲ, ಹಾಗಾಗಿ ವರ್ಷಕ್ಕೊಮ್ಮೆ ಡಾಕ್ಟರಿಂದ ಕಣ್ಣು ನೋಡಿಸುತ್ತೇವೆ.

ಖರ್ಚು ಜಾಸ್ತಿಯಾಗುವುದರಿಂದ ಹೊಸ ಬುಕಿಂಗ್‌ಗೆ ಬೆಲೆ ಏರುತ್ತದೆ. ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೆ ಹಳೇ ಬೆಲೆಯೇ. ಕಾಯಲು ಆಗದಿದ್ದರೆ ಹಣ ಪೂರ್ತಿ ವಾಪಸ್.

ಮೊದಲೇ ಮರಿ ಒಯ್ದವರೇ, ಇವತ್ತು ಸಂಜೆ ದೀಪ ಹಾಕುವ ಮೊದಲು ನಿಮ್ಮ ನಾಯಿಯನ್ನು ಸ್ವಲ್ಪ ಗಮನಿಸಿ. ಕತ್ತಲಲ್ಲಿ ಹಿಂಜರಿಯುತ್ತದಾ? ಕಣ್ಣು ಮೊದಲಿಗಿಂತ ಜಾಸ್ತಿ ಹೊಳೆಯುತ್ತದಾ? ಹಾಗಿದ್ದರೆ ತಕ್ಷಣ ಫೋನ್ ಮಾಡಿ. ಇಲ್ಲದಿದ್ದರೂ ಪರೀಕ್ಷೆ ಮಾಡಿಸಬಹುದು, ಖರ್ಚು ನಮ್ಮದು. ಕಾಯಿಲೆ ಇದೆ ಎಂದು ಬಂದರೂ ಧೈರ್ಯಗೆಡಬೇಡಿ. ಸೋಫಾ, ನೀರಿನ ಬಟ್ಟಲು ಇದ್ದಲ್ಲೇ ಇರಲಿ, ಮುಟ್ಟುವ ಮುಂಚೆ ಹೆಸರು ಹಿಡಿದು ಕರೆಯಿರಿ. ಮೂಗು, ಕಿವಿ ನಂಬಿಕೊಂಡೇ ಅವು ಮನೆಯೆಲ್ಲ ಓಡಾಡುತ್ತವೆ. ಮೆಟ್ಟಿಲ ಹತ್ತಿರ ನಿಂತಿದ್ದ ನಮ್ಮ ಹುಡುಗಿಗೆ ಈಗ ಆ ಮನೆಯವರು ರಾತ್ರಿಯಿಡೀ ಜಗಲಿ ಲೈಟ್ ಹಾಕಿಡುತ್ತಿದ್ದಾರೆ.

ನಿಮ್ಮ ಕೆನೆಲ್‌ನ ಮನೆಯವರು
ಮೈಸೂರು