ಹಿತ್ತಿಲ ಗೋಡೆಯ ಸಣ್ಣ ಬಾಗಿಲು

ಪ್ರೀತಿಯ ಮಗಳೇ,

"ಸಂಪ್ರದಾಯಸ್ಥ ರಾಜಕಾರಣಿಯಿಂದ ಸಮಾಜಕ್ಕೆ ಏನು ಉಪಕಾರ ಆದೀತು ಅಪ್ಪ?" ಎಂದು ಮೊನ್ನೆ ಫೋನಿನಲ್ಲಿ ವಿ. ಎಸ್. ಆಚಾರ್ಯರ ಮಾತು ಬಂದಾಗ ಕೇಳಿದೆಯಲ್ಲ, ಆಗ ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಈ ಕಾಗದ.

ಉಡುಪಿಯ ನಮ್ಮ ಹಳೇ ಮನೆಯ ಹಿತ್ತಿಲ ಗೋಡೆಯಲ್ಲಿ, ನೆಲಕ್ಕೆ ತಾಗಿಕೊಂಡು, ಮೊಳದೆತ್ತರದ ತಗಡಿನ ಬಾಗಿಲೊಂದಿತ್ತು. ಕಕ್ಕಸಿನ ಡಬ್ಬಿ ಎಳೆಯುವುದಕ್ಕೆ. ಬೆಳಕು ಹರಿಯುವ ಮೊದಲೇ ಓಣಿಯಲ್ಲಿ ತಗಡಿನ ಸದ್ದು ಕೇಳುತ್ತಿತ್ತು. ಒಬ್ಬ ಹೆಂಗಸು ಬಂದು ಬೂದಿ ಎರಚಿ, ಬಳಿದು, ಬುಟ್ಟಿಗೆ ತುಂಬಿ, ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ಆಟಿ ತಿಂಗಳ ಜಡಿಮಳೆಯಲ್ಲಿ ಆ ಬುಟ್ಟಿಯಿಂದ ನೀರು ಆಕೆಯ ಕುತ್ತಿಗೆಗೆ ಇಳಿಯುವುದನ್ನು ನಾನು ಒಮ್ಮೆ ನೋಡಿದೆ. ಏಳೆಂಟು ವರ್ಷ ಇದ್ದಿರಬೇಕು ನನಗೆ. ಆಕೆಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ ಮಗಾ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

1968ರಲ್ಲಿ ಉಡುಪಿ ಪುರಸಭೆ ಜನಸಂಘದ, ಅಂದರೆ ಇಂದಿನ ಬಿಜೆಪಿಯ ಮೊದಲಿನ ಪಕ್ಷದ, ಕೈಗೆ ಬಂತು. ಅಧ್ಯಕ್ಷರಾದವರು ಡಾ. ವಿ. ಎಸ್. ಆಚಾರ್ಯ. ಮೂವತ್ತೂ ತುಂಬದ ಹುಡುಗ, ಮಣಿಪಾಲದ ಕೆಎಂಸಿಯಲ್ಲಿ ಓದಿ ಬಂದ ಡಾಕ್ಟರು, ಆರೆಸ್ಸೆಸ್ ಶಾಖೆಯಲ್ಲಿ ಬೆಳೆದವರು. ಮಠದ ಊರಿನಲ್ಲಿ, ಮಾಧ್ವ ಮನೆತನದಲ್ಲಿ ಹುಟ್ಟಿದ ಇವರು ಮಡಿ ಮೈಲಿಗೆಯ ಕಟ್ಟಳೆಗಳನ್ನು ಇನ್ನಷ್ಟು ಬಿಗಿ ಮಾಡುತ್ತಾರೆ ಎಂದುಕೊಂಡವರಿದ್ದರು. ಆದರೆ ಆಚಾರ್ಯರು ಕೈ ಹಾಕಿದ್ದು ಈ ಬುಟ್ಟಿಗೆ. ಊರಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನೇ ನಿಲ್ಲಿಸಿದರು. ಇದನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದದ್ದು 1993ರಲ್ಲಿ, ನೆನಪಿಟ್ಟುಕೊ. ನಿಲ್ಲಿಸಿ ಎಂದು ಠರಾವು ಬರೆದರೆ ಮುಗಿಯುವುದಿಲ್ಲ. ಮನೆಮನೆಯ ಕಕ್ಕಸು ಬದಲಾಗಬೇಕು, ಗುಂಡಿ ತೋಡಬೇಕು, ನೀರು ಬೇಕು. ಸ್ವರ್ಣಾ ನದಿಯ ನೀರನ್ನು ಊರಿಗೆ ತಂದ ಯೋಜನೆಯೂ, ಒಳಚರಂಡಿಯ ಕೆಲಸವೂ ಆ ಕಾಲದ್ದೇ. ನಿನ್ನ ಅಜ್ಜ ಗೊಣಗುತ್ತಲೇ ಸಾಲ ಮಾಡಿ ಹೊಸ ಕಕ್ಕಸು ಕಟ್ಟಿಸಿದರು.

1969ರ ವಿಶ್ವ ಹಿಂದೂ ಪರಿಷತ್ ಸಮ್ಮೇಳನ ನಡೆದದ್ದೂ ಉಡುಪಿಯಲ್ಲೇ. ಅಸ್ಪೃಶ್ಯತೆಗೆ ಧರ್ಮದಲ್ಲಿ ಜಾಗವಿಲ್ಲ ಎಂದು ಮಠಾಧಿಪತಿಗಳು ಅಲ್ಲಿ ಸಾರಿದರು. ಆ ಮಾತಿಗೆ ತೂಕ ಬರಬೇಕಾದರೆ ಓಣಿಯಲ್ಲಿ ಬುಟ್ಟಿ ಇಳಿಯಬೇಕಿತ್ತು ಎಂಬುದು ನನ್ನ ನಂಬಿಕೆ.

ತುರ್ತುಪರಿಸ್ಥಿತಿಯಲ್ಲಿ, ವಿಚಾರಣೆಯಿಲ್ಲದೆ ಕೂಡಿಹಾಕುವ ಮೀಸಾ ಕಾಯಿದೆ ಹಾಕಿ ಆಚಾರ್ಯರನ್ನು ಜೈಲಿಗಟ್ಟಿದರು. 1983ರಲ್ಲಿ ಉಡುಪಿಯಿಂದ ವಿಧಾನಸಭೆಗೆ ಗೆದ್ದರು, ಮುಂದೆ ವಿಧಾನ ಪರಿಷತ್ತಿನಲ್ಲಿದ್ದರು. ಉಡುಪಿ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮೊದಲು ಅದಕ್ಕಾಗಿ ದನಿ ಎತ್ತಿದವರಲ್ಲಿ ಅವರೂ ಒಬ್ಬರು.

ಅವರದೆಲ್ಲವೂ ನನಗೆ ಒಪ್ಪಿಗೆ ಎಂದು ತಿಳಿಯಬೇಡ. 2008ರಲ್ಲಿ ಅವರು ಗೃಹಸಚಿವರಾಗಿದ್ದಾಗ ಕರಾವಳಿಯ ಚರ್ಚುಗಳ ಮೇಲೆ ದಾಳಿ ನಡೆಯಿತು. ಮರುವರ್ಷ ಜನವರಿಯಲ್ಲಿ ಗುಂಪೊಂದರವರು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳ ಮೇಲೆ ಕೈ ಮಾಡಿದರು. ಗೃಹಸಚಿವರು ಇನ್ನೂ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದು ಅಂದು ನಿನ್ನ ಅಮ್ಮನ ಹತ್ತಿರ ಹೇಳಿದ್ದೆ. ಇಂದಿಗೂ ನನ್ನದು ಅದೇ ಮಾತು. ನಿನಗೆ ಸಿಟ್ಟು ಇರುವುದೂ ಅದಕ್ಕೇ ಎಂದು ಬಲ್ಲೆ, ಆ ಸಿಟ್ಟು ನ್ಯಾಯವೇ.

2012ರ ಫೆಬ್ರುವರಿ 14ರಂದು, ಉನ್ನತ ಶಿಕ್ಷಣ ಸಚಿವರಾಗಿದ್ದ ಅವರು ಬೆಂಗಳೂರಿನ ಸಮಾರಂಭವೊಂದರಲ್ಲಿ ಕುಸಿದುಬಿದ್ದು ತೀರಿಕೊಂಡರು. ಸುದ್ದಿ ಕೇಳಿದಾಗ ನನ್ನ ಕಣ್ಣಿಗೆ ಬಂದದ್ದು ಮಂತ್ರಿಯ ಕಾರಲ್ಲ, ಆ ತಗಡಿನ ಬಾಗಿಲು.

ಕೃಷ್ಣಾಷ್ಟಮಿಯ ವಿಟ್ಲಪಿಂಡಿ ಉತ್ಸವಕ್ಕೆ ಬರುತ್ತೀಯಲ್ಲ, ಹಳೇ ಮನೆಗೆ ಕರೆದುಕೊಂಡು ಹೋಗುತ್ತೇನೆ. ಮುರಕಲ್ಲಿನ ಗೋಡೆಯ ಬುಡದಲ್ಲಿ ಒಂದು ಕಡೆ ಮಾತ್ರ ಸಿಮೆಂಟಿನ ಚೌಕ ಇದೆ. ಅಜ್ಜ ಮುಚ್ಚಿಸಿದ್ದು.

ನಿನ್ನ,
ಅಪ್ಪ