ಏಳರಿಂದ ಎಂಟಕ್ಕೆ: ಶಾಲಾ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ಗೌರವಪೂರ್ವಕ ವಂದನೆಗಳು.

ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸಿ ಇತ್ತೀಚೆಗೆ ನಿವೃತ್ತನಾದವನು ನಾನು. ಸೇವೆಯಲ್ಲಿದ್ದಾಗ ಬರೆಯಲು ಹಿಂಜರಿದ ಪತ್ರವಿದು.

ಎಂಟನೇ ತರಗತಿಯ ಆರಂಭದಲ್ಲಿ, ಹಿಂದಿನ ಕಲಿಕೆಯ ಕೊರತೆ ತುಂಬಲು ನಡೆಸುವ ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ ಒಂದು ಮಗು 612ನ್ನು 6ರಿಂದ ಭಾಗಿಸಿ 12 ಎಂದು ಬರೆದಿತ್ತು. ಆರೊಂದ್ಲಿ ಆರು, ಮುಂದಿನ ಒಂದರಲ್ಲಿ ಆರು ಹೋಗುವುದಿಲ್ಲವೆಂದು ಪಕ್ಕದ ಎರಡನ್ನೂ ಕೆಳಗಿಳಿಸಿಕೊಂಡಿದೆ, ಆದರೆ ಹತ್ತರ ಸ್ಥಾನದಲ್ಲಿ ಸೊನ್ನೆ ಬರೆದಿಲ್ಲ. 102 ಹೀಗೆ 12 ಆಯಿತು. ನಮ್ಮ ಶಾಲೆಗೆ ಸುತ್ತಲಿನ ಐದು ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬರುತ್ತಿದ್ದರು. ಇದೇ ತಪ್ಪು ಮಾಡಿದವರಲ್ಲಿ ಹೆಚ್ಚಿನವರು ಒಂದೇ ಶಾಲೆಯವರೆಂಬುದು ಉತ್ತರ ಪತ್ರಿಕೆಗಳನ್ನು ವಿಂಗಡಿಸಿದಾಗ ತಿಳಿಯಿತು. ಸಂತೆಯಲ್ಲಿ ಸಿಕ್ಕ ಆ ಶಾಲೆಯ ಶಿಕ್ಷಕಿಯನ್ನು ಕೇಳಿದೆ. "ಗೊತ್ತು ಸಾರ್, ಅವರು ಐದನೇ ಕ್ಲಾಸಿನಿಂದಲೂ ಹಾಗೇ ಮಾಡ್ತಾರೆ" ಎಂದರು. ಅವರಿಗೆ ಮೂರು ವರ್ಷದಿಂದ ಗೊತ್ತಿದ್ದ ಸಂಗತಿ ನನ್ನನ್ನು ತಲುಪಿದ್ದು ತರಕಾರಿ ಅಂಗಡಿಯ ಮುಂದೆ, ಅದೂ ಆಕಸ್ಮಿಕವಾಗಿ.

ಯಾವ ತರಗತಿಯಲ್ಲಿ ಮಗು ಏನು ಕಲಿತಿರಬೇಕು ಎಂಬ ಮಾನದಂಡ ನಮ್ಮಲ್ಲಿ ಇಲ್ಲವೆಂದಲ್ಲ. 2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಿಗೆ ತಿದ್ದುಪಡಿಯಾಗಿ, ಎಂಟನೇ ತರಗತಿಯವರೆಗಿನ ಕಲಿಕಾ ಫಲಗಳನ್ನು ತರಗತಿವಾರು, ವಿಷಯವಾರು ನಿಗದಿಪಡಿಸಲಾಯಿತು. ಅಂದಿನಿಂದ ಅವು ನಮ್ಮ ಪಾಠ ಯೋಜನೆಯ ಒಂದು ಕಾಲಂನಲ್ಲಿ ಚೊಕ್ಕವಾಗಿ ಕೂತಿವೆ. ಆದರೆ ಪಠ್ಯಪುಸ್ತಕ ಅಧ್ಯಾಯಗಳ ಲೆಕ್ಕದಲ್ಲಿ ಸಾಗುತ್ತದೆ, ವರ್ಷದ ನಡುನಡುವೆ ನಡೆಸುವ ರೂಪಣಾತ್ಮಕ ಮೌಲ್ಯಮಾಪನ ತಿಂಗಳುಗಳ ಲೆಕ್ಕದಲ್ಲಿ ನಡೆಯುತ್ತದೆ, ತರಬೇತಿಯಂತೂ ಆ ವರ್ಷ ಯಾವ ಯೋಜನೆ ಬಂದಿದೆಯೋ ಅದರ ಬೆನ್ನು ಹಿಡಿದು ಹೋಗುತ್ತದೆ. 1990ರ ದಶಕದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೊಳೆತು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ, ಒಂದರಿಂದ ಮೂರನೇ ತರಗತಿಯವರೆಗಿನ ನಲಿ-ಕಲಿ ಪದ್ಧತಿಯಲ್ಲಿ ಮಗು ತನ್ನದೇ ವೇಗದಲ್ಲಿ ಕಲಿಕಾ ಏಣಿ ಹತ್ತುತ್ತದೆ. ನಾಲ್ಕನೇ ತರಗತಿಗೆ ಕಾಲಿಟ್ಟ ದಿನವೇ ಏಣಿ ಮಾಯವಾಗಿ, ಯಾರು ಎಷ್ಟನೇ ಮೆಟ್ಟಿಲಲ್ಲಿದ್ದರೂ ಎಲ್ಲರ ಮುಂದೆ ಒಂದೇ ಪುಸ್ತಕದ ಮೊದಲ ಪಾಠ ತೆರೆದುಕೊಳ್ಳುತ್ತದೆ.

ಕೋವಿಡ್ ನಂತರ, 2022-23ರಲ್ಲಿ ಬಂದ ಕಲಿಕಾ ಚೇತರಿಕೆ ಕಾರ್ಯಕ್ರಮವನ್ನು ನನ್ನ ಸಹೋದ್ಯೋಗಿಗಳು ಬೈದದ್ದೇ ಹೆಚ್ಚು. ಕಲಿಕಾ ಹಾಳೆಗಳು ತಡವಾಗಿ ಬಂದವು, ದಾಖಲೆ ಬರೆಯುವ ಕೆಲಸ ಬೆಳೆಯಿತು. ಆದರೂ ಹೇಳಬೇಕಾದ ಮಾತೊಂದಿದೆ: ಹಿಂದಿನ ತರಗತಿಗಳಲ್ಲಿ ತಪ್ಪಿಹೋದದ್ದನ್ನು ಕೈಬಿಡದೆ, ಪಾಠಕ್ಕಿಂತ ಕಲಿಕಾ ಫಲವನ್ನು ಮುಂದಿಟ್ಟು ಕಲಿಸಿರೆಂದು ಇಲಾಖೆಯೇ ನಮಗೆ ಅನುಮತಿ ಕೊಟ್ಟ ವರ್ಷವದು. ಮರುವರ್ಷ ಸಿಲಬಸ್ ಮುಗಿಸುವ ಓಟ ಎಂದಿನಂತೆ ಶುರುವಾಯಿತು.

ಇದರ ಲೆಕ್ಕ ಹತ್ತನೇ ತರಗತಿಯಲ್ಲಿ ಚುಕ್ತಾ ಆಗುತ್ತಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ 2023ರಲ್ಲಿ ಶೇ. 83.89 ಇತ್ತು. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದ 2024ರಲ್ಲಿ, ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೂ ಅದು 73.40ಕ್ಕೆ ಇಳಿಯಿತು, 2025ರ ಮೊದಲ ಪರೀಕ್ಷೆಯಲ್ಲಿ 62.34. ಕ್ಯಾಮೆರಾ ಹಾಕಿದ್ದನ್ನು ನಾನು ಆಕ್ಷೇಪಿಸುವುದಿಲ್ಲ, ಅದು ಇದ್ದದ್ದನ್ನು ತೋರಿಸಿತು ಅಷ್ಟೆ. ಆದರೆ ಕಾರಣ ಕೇಳುವ ನೋಟಿಸು ಹತ್ತನೇ ತರಗತಿಯ ಶಿಕ್ಷಕರ ಮೇಜಿಗೆ ಬರುತ್ತದೆ. ಸೊನ್ನೆ ಬಿಟ್ಟುಹೋದದ್ದು ಐದನೇ ತರಗತಿಯಲ್ಲಿ.

ಹೊಸ ಯೋಜನೆ, ಹೊಸ ಹೆಸರು, ಹೊಸ ಆ್ಯಪ್ ಯಾವುದನ್ನೂ ನಾನು ಕೇಳುತ್ತಿಲ್ಲ. ಕ್ಲಸ್ಟರ್ ಮಟ್ಟದಲ್ಲಿ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ ಮಟ್ಟದಲ್ಲಿ, ಶಿಕ್ಷಕರ ಸಮಾಲೋಚನಾ ಸಭೆಗಳು ಈಗಾಗಲೇ ಇವೆ. ಅಲ್ಲಿ ಸುತ್ತೋಲೆ ಓದುವುದನ್ನು ಅರ್ಧ ಗಂಟೆಗೆ ಮುಗಿಸಿ, ಉಳಿದ ಹೊತ್ತು ಏಳನೇ ತರಗತಿಗೆ ಕಲಿಸುವವರೂ ಅವರ ಮಕ್ಕಳು ಸೇರುವ ಪ್ರೌಢಶಾಲೆಯ ಶಿಕ್ಷಕರೂ ಮಕ್ಕಳ ಉತ್ತರ ಪತ್ರಿಕೆಗಳನ್ನು ಎದುರಿಗಿಟ್ಟುಕೊಂಡು ಕೂರುವಂತೆ ಆದೇಶಿಸಿ. ಪ್ರತಿ ತರಗತಿಗೆ ಕನ್ನಡದಲ್ಲೂ ಗಣಿತದಲ್ಲೂ ಬಿಡಲೇಬಾರದ ಎಂಟು ಹತ್ತು ಕಲಿಕಾ ಫಲಗಳನ್ನು ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) ಆ ಶಿಕ್ಷಕರೊಂದಿಗೇ ಚರ್ಚಿಸಿ ಗುರುತಿಸಲಿ. ಪ್ರಶ್ನೆ ಪತ್ರಿಕೆ, ತರಬೇತಿ, ಸೇತುಬಂಧ ಮೂರೂ ಅದೇ ಪಟ್ಟಿಯಿಂದ ಹುಟ್ಟಲಿ. ಅವು ಬರದ ಮಗುವಿಗಾಗಿ ಪಾಠ ನಿಲ್ಲಿಸಿದ ಶಿಕ್ಷಕರಿಗೆ ಸಿಲಬಸ್ ಹಿಂದುಳಿಯಿತೆಂದು ಯಾರೂ ಮೆಮೊ ಕೊಡದಿರಲಿ.

ಮತ್ತೊಂದು ಸಣ್ಣ ವಿಷಯ. ಮಗು ಏಳನೇ ತರಗತಿ ಮುಗಿಸಿ ಬರುವಾಗ ತರುವ ಟಿ.ಸಿ.ಯಲ್ಲಿ ಜಾತಿ, ಜನ್ಮದಿನಾಂಕ, ಶಾಲೆ ಬಿಟ್ಟ ದಿನಾಂಕ ಎಲ್ಲವೂ ಇರುತ್ತವೆ. ಅದರ ಜೊತೆ ಆ ಮಗುವಿಗೆ ಯಾವುದು ಬರುತ್ತದೆ, ಎಲ್ಲಿ ಎಡವುತ್ತದೆ ಎಂದು ಅದರ ಶಿಕ್ಷಕರೇ ಕೈಬರಹದಲ್ಲಿ ಬರೆದ ಒಂದು ಪುಟವನ್ನು ಲಗತ್ತಿಸುವ ವ್ಯವಸ್ಥೆ ಬರುವ ಜೂನ್ ಒಳಗೆ ಆಗಲೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ