ಹಲೇಇವಾದ ಆ ಆಂಟಿಗೆ ಥ್ಯಾಂಕ್ಸ್

ಹವಾಯಿಯ ಓವಾಹು ದ್ವೀಪದಲ್ಲಿ, ಹಲೇಇವಾ ಊರಿನ ಶೇವ್ ಐಸ್ (ಹೆರೆದ ಐಸಿಗೆ ಸಿರಪ್ ಸುರಿದು ಕೊಡೋ ತಿಂಡಿ) ಗಾಡಿ ಹತ್ತಿರ ನಮ್ಮ ಹಿಂದೆ ನಿಂತಿದ್ದ ಆಂಟಿಗೆ ಈ ಬರಹ. ಹೆಸರು ಕೇಳಲೇ ಇಲ್ಲ ನೋಡಿ. ಕನ್ನಡ ಅವರಿಗೆ ಬರಲ್ಲ, ಇರಲಿ.

ಸುಡು ಬಿಸಿಲು, ಬೋರ್ಡ್ ತುಂಬಾ ಸಿರಪ್ ಹೆಸರುಗಳು, ನಮ್ಮಮ್ಮ ಬೇರೆ "ಇದರಲ್ಲಿ ಮೊಟ್ಟೆ ಗಿಟ್ಟೆ ಇದೆಯಾ ಕೇಳು" ಅಂತ ಒಂದೇ ಸಮ ತಿವಿಯುತ್ತಿದ್ದರು. ಆಂಟಿ ತಾವಾಗಿಯೇ ಮುಂದೆ ಬಂದು ಗಾಡಿಯವನ ಹತ್ತಿರ ಎಲ್ಲ ವಿಚಾರಿಸಿ, ಅಡಿಯಲ್ಲಿ ಅಜುಕಿ ಅನ್ನೋ ಸಣ್ಣ ಕೆಂಪು ಕಾಳಿನ ಸಿಹಿ, ಮೇಲೆ ಲಿಲಿಕೋಯಿ, ಅಂದ್ರೆ ಪ್ಯಾಷನ್ ಫ್ರೂಟ್ ಸಿರಪ್, ಅದರ ಮೇಲೆ ಕಂಡೆನ್ಸ್ಡ್ ಮಿಲ್ಕ್ ಹಾಕಿಸಿಕೊಟ್ಟರು. ಕಬ್ಬಿನ ತೋಟಗಳಿಗೆ ದುಡಿಯಲು ಬಂದ ಜಪಾನಿನವರು ತಂದ ತಿಂಡಿ ಇದು, ಅವರಲ್ಲಿ ಕಾಕಿಗೋರಿ ಅಂತಾರೆ ಎಂದೂ ಹೇಳಿದರು. ಐಸ್ ಗಡ್ಡೆಯನ್ನು ಬ್ಲೇಡಿನಿಂದ ತೆಳ್ಳಗೆ ಹೆರೆಯುತ್ತಾರೆ. ಅದಕ್ಕೇ ಸಿರಪ್ಪನ್ನು ಐಸೇ ಹೀರಿಕೊಳ್ಳುತ್ತೆ, ನಮ್ಮ ಐಸ್ ಗೋಲಾದ ಹಾಗೆ ಬಣ್ಣ ಪೂರ್ತಿ ಬಾಯಿಗೆ ಬಂದು ಬಿಳಿ ಐಸ್ ಉಳಿಯಲ್ಲ. (ಗೋಲಾ ಪ್ರಿಯರು ಬೈಯಬೇಡಿ, ನನಗೂ ಅದು ಇಷ್ಟವೇ.)

ಕೊನೆಗೆ ಲಿ ಹಿಂಗ್ ಮುಯಿ ಪುಡಿ ಉದುರಿಸಲು ಹೇಳಿದ್ದೂ ಅವರೇ. ಒಣಗಿಸಿದ ಉಪ್ಪು ಪ್ಲಮ್ಮಿನ ಪುಡಿ ಅದು. ಹುಳಿ, ಉಪ್ಪು, ಸಿಹಿ ಒಟ್ಟಿಗೆ! ಅಲ್ಲಿತನಕ ಮುಖ ಸಿಂಡರಿಸಿದ್ದ ಅಮ್ಮ ನನ್ನ ಕಪ್ಪಿಗೂ ಚಮಚ ಹಾಕಿದರು.

ತುಂಬಾ ಥ್ಯಾಂಕ್ಸ್ ಆಂಟಿ. ಆ ಪುಡಿಯ ಪ್ಯಾಕೆಟ್ ಒಂದು ಮನೆಗೂ ಬಂದಿದೆ, ಅಮ್ಮ ಈಗ ಮಾವಿನಕಾಯಿಗೆ ಹಚ್ಚಿಕೊಂಡು ತಿನ್ನುತ್ತಿದ್ದಾರೆ.